ಹೊಸ್ತಿಲಿನಿಂದ ಆರಂಭ: ಹಳೆಯ ಪುಟ್ಟ ಕಾರಿನ ಜೀರ್ಣೋದ್ಧಾರ

ಮಾನ್ಯರೇ,

ಹಳೆಯ ಪುಟ್ಟ ಕಾರೊಂದನ್ನು ಮನೆಗೆ ತಂದು ಸರಿಪಡಿಸಬೇಕೆಂದು ಹೊರಟವರು ನನ್ನನ್ನು ಮೊದಲು ಕೇಳುವುದು ಎಂಜಿನ್ನಿನ ಬಗ್ಗೆ, ಆಮೇಲೆ ಬಣ್ಣದ ಬಗ್ಗೆ. ಇಂಥ ಕಾರಿನ ಬಳಿ ಹೋದಾಗ ನಾನು ಮೊದಲು ಕೈಯಿಡುವುದು ಮಾತ್ರ ಬಾಗಿಲಿನ ಮೇಲೆ. ಅದನ್ನು ಪೂರ್ತಿ ತೆರೆದು ನಿಧಾನವಾಗಿ ಮುಚ್ಚುತ್ತ ಬಂದಾಗ ಅದು ತಾನಾಗಿ ಚಿಲಕಕ್ಕೆ ಕೂರುತ್ತದೆಯೋ ಅಥವಾ ಕೊನೆಯ ಒಂದು ಅಂಗುಲದಲ್ಲಿ ಮೇಲಕ್ಕೆತ್ತಿ ತಳ್ಳಬೇಕಾಗುತ್ತದೆಯೋ ಎಂಬುದನ್ನು ಗಮನಿಸುತ್ತೇನೆ. ಎತ್ತಬೇಕಾಗಿ ಬಂದರೆ ಸಾಮಾನ್ಯವಾಗಿ ಕಾರಣ ಎರಡರಲ್ಲಿ ಒಂದು: ಬಾಗಿಲಿನ ಕೀಲುಗಳು ಸವೆದಿರಬೇಕು, ಇಲ್ಲವೇ ಕಾರಿನ ಒಡಲೇ ನಡುವಿನಲ್ಲಿ ಕುಸಿದಿರಬೇಕು. ತೆರೆದ ಬಾಗಿಲಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಕೀಲಿನಲ್ಲಿ ಸಡಿಲ ಕಾಣದಿದ್ದರೆ ಉಳಿಯುವುದು ಎರಡನೆಯ ಕಾರಣ. ಮುಂದೆ ಮಾಡಬೇಕಾದ ಕೆಲಸ ತಿಂಗಳುಗಳದ್ದೋ ವರ್ಷಗಳದ್ದೋ ಎಂಬುದನ್ನು ಈ ಒಂದು ಪರೀಕ್ಷೆ ಬಹುಮಟ್ಟಿಗೆ ಹೇಳಿಬಿಡುತ್ತದೆ. ಇಂದಿನ ನನ್ನ ಮಾತಿನ ತಿರುಳೂ ಅದೇ. ಪುಟ್ಟ ಕಾರನ್ನು ಉಳಿಸಿಕೊಳ್ಳುವವರು ಮೊದಲು ಅದನ್ನು ಒಂದು ಕಟ್ಟಡವೆಂದು ತಿಳಿದು ಕೆಲಸ ಮಾಡಬೇಕು. ಯಂತ್ರದ ಸರದಿ ಬರುವುದು ಅದಾದ ಮೇಲೆ.

‘ವಿಂಟೇಜ್’ ಎಂಬ ಪದವನ್ನು ನಾವು ಹಳೆಯ ಕಾರುಗಳಿಗೆಲ್ಲ ಬಳಸುತ್ತೇವೆ. ಬ್ರಿಟನ್ನಿನ ಹಳೆಯ ಕಾರುಗಳ ಆಸಕ್ತರಲ್ಲಿ ಅದು 1919ರಿಂದ 1930ರವರೆಗಿನ ಕಾರುಗಳಿಗೆ ಮಾತ್ರ ಸಲ್ಲುವ ಹೆಸರು. ಆ ಲೆಕ್ಕದಲ್ಲಿ 1922ರಲ್ಲಿ ಬಂದ ಆಸ್ಟಿನ್ ಸೆವೆನ್ ವಿಂಟೇಜ್ ಆಗುತ್ತದೆ. 1948ರ ಮಾರಿಸ್ ಮೈನರ್, 1957ರ ಫಿಯೆಟ್ 500, 1959ರ ಮಿನಿ ಆಗುವುದಿಲ್ಲ. ಆದರೆ ಮನೆಯಲ್ಲಿ ಕೆಲಸ ಮಾಡುವವರ ಕೈಗೆ ಹೆಚ್ಚಾಗಿ ಸಿಗುವುದು ಈ ಎರಡನೆಯ ಗುಂಪಿನ ಕಾರುಗಳೇ ಆದ್ದರಿಂದ ಇಲ್ಲಿ ಸಡಿಲ ಅರ್ಥವನ್ನೇ ಇಟ್ಟುಕೊಳ್ಳುತ್ತೇನೆ. ಈ ಎರಡು ಗುಂಪುಗಳ ನಡುವೆ ಕಾಲದ ಅಂತರಕ್ಕಿಂತ ದೊಡ್ಡ ಅಂತರವೊಂದಿದೆ. ಆಸ್ಟಿನ್ ಸೆವೆನ್‌ನಲ್ಲಿ ಉಕ್ಕಿನ ಚಾಸಿ ಬೇರೆ, ಮೇಲಿನ ಒಡಲು ಬೇರೆ; ಒಡಲನ್ನು ಪೂರ್ತಿ ಕಳಚಿದರೂ ಚಾಸಿ ತನ್ನ ಎಂಜಿನ್ನನ್ನೂ ಚಕ್ರಗಳನ್ನೂ ಹೊತ್ತು ನಿಲ್ಲುತ್ತದೆ. ಮೈನರ್, ಫಿಯೆಟ್ 500, ಮಿನಿಗಳಲ್ಲಿ ಹಾಗೆ ಬೇರೆಯಾದ ಚಾಸಿಯೇ ಇಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡುಗಳನ್ನು ಮಡಿಸಿ, ಪೆಟ್ಟಿಗೆಯಂಥ ತೊಲೆಗಳನ್ನಾಗಿ ಮಾಡಿ, ಸ್ಪಾಟ್ ವೆಲ್ಡಿಂಗಿನಿಂದ, ಅಂದರೆ ಅಲ್ಲಲ್ಲಿ ಚುಕ್ಕೆಯಂತೆ ಹಾಕುವ ಬೆಸುಗೆಯಿಂದ, ಒಂದಕ್ಕೊಂದು ಸೇರಿಸಿದಾಗ ಹುಟ್ಟುವ ಒಡಲೇ ಅಲ್ಲಿ ಚಾಸಿಯ ಕೆಲಸವನ್ನೂ ಮಾಡುತ್ತದೆ.

ಇಷ್ಟು ತೆಳುವಾದ ತಗಡು ನಾಲ್ಕು ಜನರನ್ನು ಹೇಗೆ ಹೊರುತ್ತದೆ? ಹೊರುವ ಬಲ ಇರುವುದು ತಗಡಿನ ಆಕಾರದಲ್ಲಿ. ಒಂದು ಹಾಳೆ ಕಾಗದ ಮೇಜಿನ ಮೇಲೆ ತಾನಾಗಿ ನಿಲ್ಲದು, ಅದನ್ನೇ ಕೊಳವೆಯಂತೆ ಸುತ್ತಿ ಅಂಚನ್ನು ಅಂಟಿಸಿ ನಿಲ್ಲಿಸಿದರೆ ಒಂದು ಪುಸ್ತಕವನ್ನು ಹೊರುತ್ತದೆ; ಆ ಅಂಚು ಬಿಚ್ಚಿಕೊಂಡ ಗಳಿಗೆಯಲ್ಲಿ ಕುಸಿಯುತ್ತದೆ. ಕಾರಿನ ಪೆಟ್ಟಿಗೆ ತೊಲೆಗಳ ಸ್ಥಿತಿಯೂ ಅದೇ. ನಾಲ್ಕು ಗೋಡೆಗಳಲ್ಲಿ ಒಂದು ತುಕ್ಕು ತಿಂದು ತೆರೆದುಕೊಂಡರೆ ಉಳಿದ ಮೂರು ಹೊಸದರಂತೆ ಇದ್ದರೂ ತೊಲೆಯ ಬಿಗಿ ಹೋಗುತ್ತದೆ. ಈ ತೊಲೆಗಳಲ್ಲಿ ಮುಖ್ಯವಾದವು ಬಾಗಿಲುಗಳ ಕೆಳಗೆ ಕಾರಿನ ಉದ್ದಕ್ಕೆ ಹಾದುಹೋಗುವ ಎರಡು. ಮೆಕ್ಯಾನಿಕ್‌ಗಳು ಇದನ್ನು ಸಿಲ್ ಎನ್ನುತ್ತಾರೆ. ನಮ್ಮ ‘ಹೊಸ್ತಿಲು’ ಎಂಬ ಪದ ಇದಕ್ಕೆ ಸರಿಯಾಗಿ ಒಪ್ಪುವುದರಿಂದ ನಾನು ಅದನ್ನೇ ಬಳಸುತ್ತೇನೆ. ಬಾಗಿಲಿನ ದೊಡ್ಡ ತೆರವು ಒಡಲಿನ ಅತ್ಯಂತ ದುರ್ಬಲ ಜಾಗ. ಆ ತೆರವಿನ ಮುಂದಿನ ಕಂಬವನ್ನೂ ಹಿಂದಿನ ಕಂಬವನ್ನೂ ಅವುಗಳ ಜಾಗದಲ್ಲಿ ಹಿಡಿದಿಡುವ ಭಾರ ಬಹುಪಾಲು ಬೀಳುವುದು ಹೊಸ್ತಿಲಿನ ಮೇಲೆಯೇ.

ಮೊದಲ ಬಾರಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಸೂಚಿಸುವ ಕಾರುಗಳು ಈ ಗುಂಪಿಗೆ ಸೇರದ ಎರಡು. 1948ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಸಿಟ್ರೊಯೆನ್ 2ಸಿವಿಯಲ್ಲಿ ಚಪ್ಪಟೆಯಾದ ಚಾಸಿ ಬೇರೆಯಾಗಿದೆ. ಅದರ ಮೇಲೆ ಒಡಲು, ಒಡಲಿನ ಮೇಲೆ ಮಡ್‌ಗಾರ್ಡುಗಳು, ಬಾಗಿಲುಗಳು ಎಲ್ಲವೂ ಬೋಲ್ಟುಗಳಲ್ಲಿ ಕೂರುತ್ತವೆ. ಫೋಕ್ಸ್‌ವ್ಯಾಗನ್ ಬೀಟಲ್‌ನ ಮೇಲಿನ ಒಡಲೂ ನೆಲಹಲಗೆಗೆ ಬೋಲ್ಟುಗಳಿಂದಲೇ ಸೇರಿದೆ. ಇವುಗಳಲ್ಲೂ ತುಕ್ಕು ಬರುತ್ತದೆ, ಬೀಟಲ್‌ನಲ್ಲಿ ಹೊಸ್ತಿಲಿನ ಜಾಗದಲ್ಲಿರುವ ಬಿಸಿಗಾಳಿಯ ಕೊಳವೆಪೆಟ್ಟಿಗೆಗೆ ಬರುವ ತುಕ್ಕಂತೂ ಹೆಸರುವಾಸಿಯಾದದ್ದು. ಆದರೂ ಹಾಳಾದ ಭಾಗವನ್ನು ಬಿಡಿಸಿ ಪಕ್ಕಕ್ಕಿಟ್ಟು ನೋಡಬಹುದಾದ ಅನುಕೂಲ ಹೊಸಬರಿಗೆ ಬಹಳ ದೊಡ್ಡದು.

ಇನ್ನು ತುಕ್ಕಿನ ವಿಚಾರ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಈ ಮೂರು ಸೇರಿದರೆ ತುಕ್ಕು. ನೀರಿನಲ್ಲಿ ಉಪ್ಪಿದ್ದರೆ ಅದರ ವೇಗ ಹೆಚ್ಚುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಕಾರಿನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಎರಡು ತಗಡುಗಳು ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡ್ ಆದ ಕಡೆ, ಅವುಗಳ ನಡುವಿನ ಕೂದಲೆಳೆಯಷ್ಟು ಸಂದಿಗೆ ನೀರು ತಾನಾಗಿ ಏರುತ್ತದೆ, ಒಣಗಲು ಅಲ್ಲಿ ಗಾಳಿ ಆಡುವುದಿಲ್ಲ. ಒಳಗೆ ಹುಟ್ಟಿದ ತುಕ್ಕು ಉಬ್ಬುತ್ತ ಉಬ್ಬುತ್ತ ಎರಡು ತಗಡುಗಳನ್ನು ದೂರ ತಳ್ಳಿ ವೆಲ್ಡಿನ ಚುಕ್ಕೆಗಳನ್ನೇ ಕಿತ್ತುಬಿಡುತ್ತದೆ. ಹೊಸ್ತಿಲಿನ ಹೊರಮೈಯಲ್ಲಿ ಬಣ್ಣ ಗುಳ್ಳೆ ಎದ್ದಿರುವುದನ್ನು ಕಂಡು ಈಗಷ್ಟೇ ತುಕ್ಕು ಶುರುವಾಗಿದೆ ಎಂದುಕೊಂಡರೆ ಮೋಸ ಹೋಗುತ್ತೇವೆ. ಒಳಗಿನಿಂದ ಹೊರಟ ತುಕ್ಕು ಪ್ರಯಾಣ ಮುಗಿಸಿ ಹೊರಗೆ ಬಂದಿದೆ ಎಂದೇ ಅದರ ಅರ್ಥ. ನೀರು ಎಲ್ಲಿಂದ ಬಂತು ಎಂಬುದನ್ನು ಹುಡುಕದೆ ತಗಡು ಬದಲಿಸುವುದು ವ್ಯರ್ಥ. ಮೊದಮೊದಲ ಮಿನಿಗಳಲ್ಲಿ ನೆಲದ ತಗಡುಗಳ ಜೋಡಣೆಯ ಅಂಚು ಮುಂದಕ್ಕೆ ಬಾಯ್ದೆರೆದಂತೆ ಇದ್ದುದರಿಂದ ಮಳೆಯಲ್ಲಿ ಓಡುವಾಗ ನೀರು ನೇರ ಒಳನುಗ್ಗಿ ಕಾಲಡಿಯ ಚಾಪೆಗಳು ನೆನೆಯುತ್ತಿದ್ದವು. ಕಾರ್ಖಾನೆಯವರು ಆ ಜೋಡಣೆಯನ್ನೇ ಬದಲಿಸಬೇಕಾಯಿತು. ಗಾಜಿನ ಸುತ್ತಲಿನ ಒಣಗಿದ ರಬ್ಬರು, ಬಾಗಿಲಿನ ತಳದಲ್ಲಿ ಮುಚ್ಚಿಹೋದ ನೀರಿಳಿಯುವ ತೂತುಗಳು, ಚಕ್ರದ ಗೂಡಿನ ಮೂಲೆಯಲ್ಲಿ ಕೂತು ಒದ್ದೆ ಬಟ್ಟೆಯಂತೆ ತೇವ ಹಿಡಿದಿಡುವ ಕೆಸರು, ಇವು ಮೊದಲು ನೋಡಬೇಕಾದ ಜಾಗಗಳು. ತಳಕ್ಕೆ ಬಳಿದ ದಪ್ಪ ಡಾಂಬರಿನಂಥ ಲೇಪವನ್ನೂ ನಂಬಬೇಡಿ. ಒಂದು ಕಡೆ ಬಿರುಕು ಬಿಟ್ಟರೆ ಸಾಕು, ಅದು ನೀರನ್ನು ಒಳಗೇ ಹಿಡಿದುಕೊಂಡು ತಗಡನ್ನು ಕಣ್ಣಿಗೆ ಕಾಣದಂತೆ ಕೊಲ್ಲುತ್ತದೆ.

ಪತ್ತೆಹಚ್ಚಲು ಬೇಕಾದ ಉಪಕರಣಗಳು ಸರಳ. ಸ್ಕ್ರೂಡ್ರೈವರಿನ ಹಿಡಿಯಿಂದ ತೊಲೆಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ತಗಡು ಠಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಮೈಮೇಲೆ ಜಾರಿಸಿದರೆ ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ. ಒಡಲಿನ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದು, ಸಂಶಯದ ಜಾಗಗಳನ್ನು ಕೆಂಪು ಪೆನ್ಸಿಲಿನಲ್ಲಿ ಗುರುತಿಸಿಟ್ಟುಕೊಂಡವರಿಗೆ ಆಮೇಲೆ ಆಶ್ಚರ್ಯಗಳು ಕಡಿಮೆ.

ನನ್ನ ಮೊದಲ ಕಾರು ಎರಡು ಬಾಗಿಲಿನ ಮಾರಿಸ್ ಮೈನರ್. ಅದರ ಎರಡೂ ಹೊಸ್ತಿಲುಗಳು ಕೊಳೆತಿದ್ದವು. ಹೊಸ ತಗಡುಗಳು ಕೈಸೇರಿದ ಉತ್ಸಾಹದಲ್ಲಿ ನಾನು ಕಾರನ್ನು ಮುಂದೆ ಎರಡು, ಹಿಂದೆ ಎರಡು ಜಾಕ್ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಅಡ್ಡಿಯಾಗುತ್ತವೆಂದು ಬಾಗಿಲುಗಳನ್ನು ಕಳಚಿಟ್ಟು, ಎರಡು ದಿನಗಳಲ್ಲಿ ಎರಡೂ ಬದಿಯ ಹೊಸ್ತಿಲುಗಳನ್ನು ಕತ್ತರಿಸಿ ತೆಗೆದುಬಿಟ್ಟೆ. ಹೊಸ ಹೊಸ್ತಿಲುಗಳು ಸೊಗಸಾಗಿ ಕೂತವು. ಒಂದಿಷ್ಟು ಉಜ್ಜಿ ಕೂರಿಸಬೇಕಾಯಿತು, ಅಷ್ಟೆ. ವೆಲ್ಡಿಂಗ್ ಮುಗಿಸಿ ಬಾಗಿಲು ಹಾಕಿದಾಗ ಅದರ ಮೇಲಿನ ಹಿಂಮೂಲೆ ಕಂಬಕ್ಕೆ ಒತ್ತಿಕೊಂಡಿತ್ತು, ಕೆಳಗಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಆಧಾರವಿಲ್ಲದ ನಡುಭಾಗ ನನಗೆ ತಿಳಿಯದಂತೆ ತಗ್ಗಿತ್ತು, ನಾನು ಕುಸಿದ ಆಕಾರವನ್ನೇ ಹೊಸ ತಗಡಿನಿಂದ ಗಟ್ಟಿಮಾಡಿದ್ದೆ. ಆ ವೆಲ್ಡುಗಳನ್ನೆಲ್ಲ ಬಿಡಿಸಿ, ಒಡಲನ್ನು ಅಳತೆಗೆ ತಂದು, ಮತ್ತೆ ಮೊದಲಿನಿಂದ ಮಾಡಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕತ್ತರಿಸುವ ಮುನ್ನ ಅಳೆಯಬೇಕು. ಬಾಗಿಲ ತೆರವಿನ ಎರಡು ಕರ್ಣಗಳನ್ನೂ, ಮೇಲೆ ಕೆಳಗಿನ ಅಗಲವನ್ನೂ, ಒಂದು ಬದಿಯ ಕಂಬದಿಂದ ಇನ್ನೊಂದು ಬದಿಯ ಕಂಬಕ್ಕಿರುವ ದೂರವನ್ನೂ ಬರೆದಿಟ್ಟುಕೊಳ್ಳಬೇಕು. ಬಾಗಿಲು ಈಗಲೇ ಸರಿಯಾಗಿ ಕೂರದಿದ್ದರೆ ನಡುಭಾಗವನ್ನು ಜಾಕಿನಿಂದ ಕೂದಲೆಳೆಯಷ್ಟಷ್ಟೇ ಎತ್ತುತ್ತ, ಬಾಗಿಲ ಸುತ್ತಲಿನ ಸಂದು ಎಲ್ಲ ಕಡೆ ಸಮನಾಗುವವರೆಗೆ ತರಬೇಕು. ಆ ಸ್ಥಿತಿಯಲ್ಲಿ ಕೀಲಿನ ಕಂಬದಿಂದ ಚಿಲಕದ ಕಂಬಕ್ಕೆ ಚೌಕ ಉಕ್ಕಿನ ಕೊಳವೆಯ ಅಡ್ಡಪಟ್ಟಿಗಳನ್ನು ತಾತ್ಕಾಲಿಕವಾಗಿ ಬಿಗಿಯಬೇಕು; ಅವನ್ನು ಕಾರಿನ ಒಳಬದಿಗೆ ಸರಿಸಿ ಕೂರಿಸಿದರೆ ಬಾಗಿಲನ್ನು ಕಳಚದೆಯೇ ಕೆಲಸ ಮಾಡಬಹುದು. ಕಾರಿನ ಭಾರ ನಿಲ್ಲಬೇಕಾದ್ದು ಚಕ್ರಗಳ ತೂಗುವ್ಯವಸ್ಥೆ (ಸಸ್ಪೆನ್ಷನ್) ಒಡಲಿಗೆ ಸೇರುವ ಗಟ್ಟಿ ಜಾಗಗಳ ಮೇಲೆ. ಹೀಗೆ ಸಿದ್ಧವಾದ ಮೇಲೂ ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಬಾರದು, ಒಂದು ಬದಿಯಲ್ಲೂ ಒಳತಗಡು ಸೇರದೆ ಹೊರತಗಡನ್ನು ಹಾಕಬಾರದು. ಹೊಸ ತಗಡನ್ನು ಮೊದಲು ಅಲ್ಲಲ್ಲಿ ಚುಕ್ಕೆ ವೆಲ್ಡ್ ಮಾಡಿ, ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ ನೋಡಿ, ಆಮೇಲೆ ಪೂರ್ತಿ ಸೇರಿಸಬೇಕು. ಇಡೀ ಕೆಲಸಕ್ಕೆ ಬಾಗಿಲಿಗಿಂತ ಒಳ್ಳೆಯ ಅಳತೆಗೋಲು ಇಲ್ಲ.

ಮನೆಯಲ್ಲಿ ಕಲಿಯಲು ತಕ್ಕದ್ದು ಮಿಗ್ ವೆಲ್ಡಿಂಗ್, ಅಂದರೆ ಯಂತ್ರವೇ ತಂತಿಯನ್ನು ಒದಗಿಸುತ್ತ ಅನಿಲದ ಮರೆಯಲ್ಲಿ ಬೆಸೆಯುವ ವಿಧಾನ. ಕಾರ್ಖಾನೆಯ ಸ್ಪಾಟ್ ವೆಲ್ಡುಗಳನ್ನು ಅದಕ್ಕೆಂದೇ ಇರುವ ಕಟರಿನಿಂದ ಮೇಲಿನ ತಗಡಿನಷ್ಟೇ ಆಳಕ್ಕೆ ಕೊರೆದು ಬಿಡಿಸಬಹುದು. ಹೊಸ ತಗಡಿನ ಅಂಚಿನಲ್ಲಿ ಆರರಿಂದ ಎಂಟು ಮಿಲಿಮೀಟರ್ ತೂತುಗಳನ್ನು ಕೊರೆದು, ಆ ತೂತುಗಳನ್ನು ವೆಲ್ಡಿನಿಂದ ತುಂಬಿದರೆ ಹಳೆಯ ಚುಕ್ಕೆಗಳ ಬಲವೂ ನೋಟವೂ ಮರಳಿ ಬರುತ್ತವೆ. ಹೊರಮೈಗೆ 0.9 ಮಿಲಿಮೀಟರ್, ಭಾರ ಹೊರುವ ಭಾಗಗಳಿಗೆ 1.2 ಮಿಲಿಮೀಟರ್ ತಗಡು ಸಾಮಾನ್ಯವಾಗಿ ಸರಿಹೋಗುತ್ತದೆ. ತೆಳು ತಗಡಿನ ಮೇಲೆ ಉದ್ದಕ್ಕೆ ಒಂದೇ ಎಳೆಯಲ್ಲಿ ವೆಲ್ಡ್ ಎಳೆದರೆ ಬಿಸಿಗೆ ಅದು ಅಲೆಯಲೆಯಾಗಿ ಸೊಟ್ಟಗಾಗುವುದರಿಂದ, ಇಲ್ಲೊಂದು ಚುಕ್ಕೆ, ಒಂದು ಗೇಣು ದೂರದಲ್ಲಿ ಇನ್ನೊಂದು, ನಡುವೆ ಆರಲು ಬಿಡುವು, ಹೀಗೆ ಸಾಗಬೇಕು. ಕೆಲಸ ಮಾಡುವ ತಗಡಿನ ಮತ್ತೊಂದು ಬದಿಯಲ್ಲಿ ಏನಿದೆ ಎಂಬುದನ್ನು ನೋಡದೆ ವೆಲ್ಡಿಂಗ್ ಹಿಡಿಯಬೇಡಿ. ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದ ಬಿಡಿಸಿ ದೂರ ಒಯ್ದಿಡಿ. ಖಾಲಿಯಾದ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯಕಾರಿ, ಏಕೆಂದರೆ ಸಿಡಿಯುವುದು ಒಳಗುಳಿದ ಆವಿ. ಅದಕ್ಕೆ ಮನೆಯಲ್ಲಿ ಬೆಸುಗೆ ಹಾಕುವ ಯೋಚನೆಯನ್ನೇ ಬಿಡಬೇಕು. ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಒಂದು ಕ್ಷಣವೂ ತೂರಬಾರದು.

ಬಿಡಿಭಾಗಗಳ ತುಕ್ಕು ತೆಗೆಯಲು ನಾನು ಹೆಚ್ಚಾಗಿ ಬಳಸುವುದು ಕಾಕಂಬಿ. ಒಂದು ಪಾಲು ಕಾಕಂಬಿಗೆ ಸುಮಾರು ಒಂಬತ್ತು ಪಾಲು ನೀರು ಬೆರೆಸಿದ ಡ್ರಮ್ಮಿನಲ್ಲಿ ಮುಳುಗಿಸಿಟ್ಟರೆ ಒಂದೆರಡು ವಾರಗಳಲ್ಲಿ ತುಕ್ಕು ಕರಗಿ, ಗಟ್ಟಿ ಉಕ್ಕು ಹಾಗೇ ಉಳಿಯುತ್ತದೆ. ವಾಸನೆ ಸಹಿಸಿಕೊಳ್ಳಬೇಕು, ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಇಡಬಾರದು. ಬಟ್ಟೆ ಸೋಡಾ ಕರಗಿಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ವಿದ್ಯುತ್ ಹರಿಸಿ ತೆಗೆಯುವ ವಿಧಾನ ಇನ್ನೂ ವೇಗದ್ದು. ಆದರೆ ಅದರಿಂದ ಜಲಜನಕ ಹೊರಬರುವುದರಿಂದ ಬಯಲಿನಲ್ಲೇ ಮಾಡಬೇಕು, ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ಹುಟ್ಟುವುದರಿಂದ ಸಾದಾ ಕಬ್ಬಿಣವನ್ನೇ ಕಟ್ಟಬೇಕು. ಸ್ಪ್ರಿಂಗುಗಳಂಥ ಗಡಸು ಉಕ್ಕಿನ ಭಾಗಗಳನ್ನು ಆಮ್ಲದಲ್ಲಾಗಲಿ ಈ ವಿದ್ಯುತ್ ತೊಟ್ಟಿಯಲ್ಲಾಗಲಿ ಅದ್ದಬಾರದು. ಒಳಸೇರಿದ ಜಲಜನಕದಿಂದ ಅವು ಪೆಡಸಾಗಿ ಒಂದು ದಿನ ಮುರಿಯುತ್ತವೆ.

ಈಗ ಬಿಚ್ಚುವ ಕೆಲಸಕ್ಕೆ ಬರುತ್ತೇನೆ. ಅರ್ಧಕ್ಕೆ ನಿಂತ ಕಾರುಗಳನ್ನು ನಾನು ಬಹಳ ಕಂಡಿದ್ದೇನೆ, ಅವುಗಳಲ್ಲಿ ಹೆಚ್ಚಿನವು ನಿಂತದ್ದು ಬಿಚ್ಚಿದವರಿಗೆ ಕೌಶಲ ಇರದೆ ಅಲ್ಲ. ಎಲ್ಲವನ್ನೂ ಒಂದೇ ಸಲ ಬಿಚ್ಚಿ, ಒಂದು ವರ್ಷದ ಮೇಲೆ ಯಾವ ಬೋಲ್ಟು ಎಲ್ಲಿಯದು ಎಂದು ತಿಳಿಯದೆ ಕೈಚೆಲ್ಲಿದವರೇ ಹೆಚ್ಚು. ಒಂದು ಚಕ್ರದ ಬ್ರೇಕನ್ನು ಬಿಚ್ಚಿದರೆ ಅದನ್ನು ಮುಗಿಸಿ ಜೋಡಿಸುವವರೆಗೆ ಎದುರು ಬದಿಯದನ್ನು ಬಿಚ್ಚದೆ ಇಟ್ಟುಕೊಳ್ಳಿ, ನೋಡಿ ಕಲಿಯಲು ಒಂದು ಮಾದರಿ ಕಣ್ಣೆದುರೇ ಇರುತ್ತದೆ. ಪ್ರತಿ ಭಾಗಕ್ಕೂ ಒಂದು ಚೀಲ, ಚೀಲಕ್ಕೊಂದು ಚೀಟಿ, ಚೀಟಿಯ ಮೇಲೆ ದಿನಾಂಕ. ಬಿಚ್ಚುವ ಮೊದಲೊಂದು ಫೋಟೋ, ಅರ್ಧ ಬಿಚ್ಚಿದಾಗ ಇನ್ನೊಂದು. ಹೊಸ ಭಾಗ ಬಂದು ಸರಿಯಾಗಿ ಕೂರುವವರೆಗೆ ಹಳೆಯದನ್ನು, ಅದೆಷ್ಟೇ ಮುರಿದಿದ್ದರೂ, ಎಸೆಯಬೇಡಿ.

ತೊಳೆಯುವ ಮುನ್ನ ಓದಿ ಎಂದೂ ನಾನು ಹೇಳುತ್ತೇನೆ. ಸೀಟಿನಡಿಯಲ್ಲಿ, ಡ್ಯಾಶ್‌ಬೋರ್ಡಿನ ಹಿಂದೆ ಉಳಿದ ಬಣ್ಣದ ಪದರಗಳು ಕಾರಿನ ಮೂಲ ಬಣ್ಣವನ್ನು ಹೇಳುತ್ತವೆ. ಗ್ರೀಸು ಕೂತ ಬಗೆ ಎಲ್ಲಿ ಸೋರುತ್ತಿತ್ತು ಎಂದು ತೋರಿಸುತ್ತದೆ. ಮೈನರ್‌ನ ಬಾನೆಟ್ಟಿನ ನಡುವೆ ಉದ್ದಕ್ಕೊಂದು ಚಪ್ಪಟೆ ಪಟ್ಟಿಯಿದೆ. ಅದರ ಕಥೆ ಗೊತ್ತಿರದಿದ್ದರೆ ಯಾರೋ ಮಾಡಿದ ರಿಪೇರಿ ಎಂದು ಭಾವಿಸಿಬಿಡಬಹುದು. ವಿನ್ಯಾಸಕ ಅಲೆಕ್ ಇಸಿಗೊನಿಸ್ ಉತ್ಪಾದನೆಗೆ ಹೋಗುವ ಮುನ್ನ ಮಾದರಿ ಕಾರು ಅಗಲ ಸಾಲದೆ ಕಾಣುತ್ತದೆಂದು ಅದನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ಸರಿಸುತ್ತ ಹೋಗಿ, ನಡುವೆ ನಾಲ್ಕು ಅಂಗುಲ ಅಂತರ ಬಂದಾಗ ಇದೇ ಸರಿ ಎಂದು ನಿರ್ಧರಿಸಿದರು. ಬಾನೆಟ್ಟಿನ ಪಟ್ಟಿ ಆ ನಾಲ್ಕು ಅಂಗುಲದ ಗುರುತು. ಆಗಲೇ ಅಚ್ಚಾಗಿದ್ದ ಬಂಪರುಗಳನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಬೇಕಾಯಿತು. ಇಂಥ ಗುರುತನ್ನು ಪುಟ್ಟಿ ಹಾಕಿ ಮಟ್ಟ ಮಾಡಿದರೆ ಕಾರಿನ ಚರಿತ್ರೆಯೇ ಅಳಿಸಿಹೋಗುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ತನ್ನ ಟ್ಯೂರಿನ್ ಸನ್ನದಿನಲ್ಲಿ ಉಳಿಸುವುದು, ಹದಗೆಡದಂತೆ ಕಾಪಾಡುವುದು, ಕಳೆದುದನ್ನು ಮತ್ತೆ ತುಂಬುವುದು ಇವು ಬೇರೆ ಬೇರೆ ಕೆಲಸಗಳೆಂದು ಬಿಡಿಸಿ ಹೇಳಿದೆ. ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ವಿಚಾರವನ್ನೇ ಅದು ವಾಹನಗಳಿಗೆ ತಂದಿದೆ. ಕಾರನ್ನು ಕಟ್ಟಡವೆಂದು ನೋಡಿ ಎಂದು ನಾನು ಹೇಳುವಾಗ ಈ ಅರ್ಥವೂ ಅದರೊಳಗಿದೆ.

ಪಾನಾ ಹಿಡಿಯುವವರಿಗೆ ಇನ್ನೊಂದು ಎಚ್ಚರಿಕೆ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬೋಲ್ಟಿನ ಎಳೆಗಳು ಒಂದೇ ಬಗೆಯವಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಸೂಚಿಸಿದ ಎಳೆಯ ಕೋನ 55 ಡಿಗ್ರಿ. ಬ್ರಿಟನ್, ಅಮೆರಿಕ, ಕೆನಡಾ 1948ರಲ್ಲಿ ಒಪ್ಪಿಕೊಂಡ ಏಕರೂಪದ ಎಳೆಯದು 60 ಡಿಗ್ರಿ. ವಿಟ್‌ವರ್ತ್ ಪಾನಾದ ಮೇಲಿರುವ ಸಂಖ್ಯೆ ಬೋಲ್ಟಿನ ದಪ್ಪವನ್ನು ಹೇಳುತ್ತದೆಯೇ ಹೊರತು ತಲೆಯ ಅಗಲವನ್ನಲ್ಲ. ಕೈಯಲ್ಲಿ ತಿರುಗಿಸಿದಾಗ ಎರಡು ಸುತ್ತಿನ ನಂತರ ಬಿಗಿಯಾದ ಬೋಲ್ಟನ್ನು ಪಾನಾ ಹಾಕಿ ಬಲವಂತ ಮಾಡಬೇಡಿ. ಎಳೆಯ ಅಳತೆಗೇಜು ಹಿಡಿದು ನೋಡಿ.

ಎಂಜಿನ್ನಿನ ಬಗ್ಗೆ ಕಡಿಮೆ ಮಾತಾಡುತ್ತಿದ್ದೇನೆ, ಏಕೆಂದರೆ ಈ ಪುಟ್ಟ ಎಂಜಿನ್ನುಗಳು ನಮ್ಮ ತಪ್ಪುಗಳನ್ನು ಬಹಳವಾಗಿ ಕ್ಷಮಿಸುತ್ತವೆ. ವರ್ಷಗಟ್ಟಲೆ ನಿಂತದ್ದನ್ನು ಸ್ಟಾರ್ಟರಿನಿಂದ ತಿರುಗಿಸಲು ಹೋಗಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಒಂದಿಷ್ಟು ತೆಳು ಎಣ್ಣೆ ಹಾಕಿ, ಕೆಲವು ದಿನ ಬಿಟ್ಟು, ಕ್ರ್ಯಾಂಕನ್ನು ಕೈಯಿಂದ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಬೇಕು. ಓಡತೊಡಗಿದ ಮೇಲೆ ಕಂಪ್ರೆಶನ್ ಗೇಜಿನಿಂದ ನೋಡಿ. ಒಂದು ಸಿಲಿಂಡರಿನ ಒತ್ತಡ ಕಡಿಮೆಯಿದ್ದರೆ ಅದಕ್ಕೊಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ: ಏರಿದರೆ ಪಿಸ್ಟನ್ ರಿಂಗುಗಳು ಸವೆದಿವೆ, ಏರದಿದ್ದರೆ ತೊಂದರೆ ವಾಲ್ವುಗಳಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದೆ. ಮೈನರ್ ಮತ್ತು ಮೊದಲ ಮಿನಿಗಳ ಎ ಸರಣಿಯ ಎಂಜಿನ್ನಿಗೆ ವಾಲ್ವಿನ ಅಂತರ 0.012 ಅಂಗುಲ, ಕಿಡಿ ಹಾರುವ ಕ್ರಮ 1-3-4-2. ಇಂಥ ಅಂಕಿಗಳನ್ನು ನಿಮ್ಮ ಕಾರಿನ ಮೂಲ ಕೈಪಿಡಿಯಿಂದ ತೆಗೆದು ಗ್ಯಾರೇಜಿನ ಗೋಡೆಯ ಮೇಲೆ ಬರೆದುಕೊಳ್ಳಿ. ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲದಲ್ಲಿ ಅದು ವಾಲ್ವು ಕೂರುವ ಮೆದು ಎರಕದ ಕಬ್ಬಿಣವನ್ನೂ ಕಾಯುತ್ತಿತ್ತು. ಸೀಸದ ಪೆಟ್ರೋಲು ಜಗತ್ತಿನ ರಸ್ತೆಗಳಿಂದ 2021ರಲ್ಲಿ ಕೊನೆಯದಾಗಿ ಮರೆಯಾಯಿತು, ಅದು ಆಗಬೇಕಾದ್ದೇ. ಹೆಡ್ ಬಿಚ್ಚುವ ಸಂದರ್ಭ ಹೇಗೂ ಬಂದರೆ ಗಡಸು ಉಕ್ಕಿನ ವಾಲ್ವ್ ಸೀಟುಗಳನ್ನು ಕೂರಿಸಿಕೊಂಡರೆ ಆ ಚಿಂತೆ ಮುಗಿಯುತ್ತದೆ. ಇಂದಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸಿ ಬಿರುಕು ಬಿಡಿಸುವುದರಿಂದ ಇಂಧನದ ಎಲ್ಲ ರಬ್ಬರ್ ಪೈಪುಗಳನ್ನೂ, ನೋಡಲು ಚೆನ್ನಾಗಿದ್ದರೂ, ಬದಲಿಸಲೇಬೇಕು.

ಬ್ರೇಕು ಮತ್ತು ಮುಂದಿನ ತೂಗುವ್ಯವಸ್ಥೆಯ ವಿಷಯದಲ್ಲಿ ಮಾತ್ರ ಕ್ಷಮೆಯಿಲ್ಲ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ಮನ್ನು ತೆಗೆದಾಗ ಕಾಣುವ ಧೂಳನ್ನು ಬಾಯಿಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದದೆ, ತಕ್ಕ ಮುಖಗವಸು ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿಡಬೇಕು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮೈನರ್‌ನಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ತೊಲೆಯೊಳಗೆ ಅಡಗಿ ಕೂತಿದೆ, ಅದರ ಬೋಲ್ಟುಗಳನ್ನು ತೆಗೆಯಲು ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳಾದ ಪಕ್ಕದ ಟಾರ್ಷನ್ ಬಾರನ್ನು ಸರಿಸಬೇಕಾಗುತ್ತದೆ. ಕಷ್ಟವೆಂದು ಅದನ್ನು ಬಿಟ್ಟು ಚಕ್ರಗಳ ಬಳಿಯ ಸಿಲಿಂಡರುಗಳನ್ನು ಮಾತ್ರ ಬದಲಿಸುವವರಿದ್ದಾರೆ, ಹಾಗೆ ಮಾಡಬೇಡಿ. ಅದೇ ಕಾರಿನ ಮುಂದಿನ ಚಕ್ರಗಳು ತಿರುಗುವುದು ಎಳೆಯುಳ್ಳ ಟ್ರನಿಯನ್ ಎಂಬ ಕೀಲುಗಳ ಮೇಲೆ. ಅವುಗಳಿಗೆ ಗ್ರೀಸು ಕಾಣದೆ ಎಳೆಗಳು ಸವೆದರೆ ಒಂದು ದಿನ ಕೀಲು ಕಳಚಿ ಚಕ್ರ ಮಡಚಿಕೊಂಡು ಬೀಳುತ್ತದೆ. ಗ್ರೀಸ್ ಗನ್ನಿನ ಎರಡು ಒತ್ತು ತಡೆಯಬಹುದಾದ ಅಪಾಯ ಇದು.

ವಯರಿಂಗಿನ ತೊಂದರೆಗಳಲ್ಲಿ ಬಹುಪಾಲು ಅರ್ಥ್ ಸರಿಯಿಲ್ಲದ್ದರಿಂದ ಬರುತ್ತವೆ, ಏಕೆಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವುದು ತುಕ್ಕು ಹಿಡಿದ ಅದೇ ಒಡಲಿನ ಮೂಲಕ. ಹೊಸ ಬಣ್ಣದ ಮೇಲೆ ದೀಪವನ್ನು ಬಿಗಿದು ಅದು ಉರಿಯುತ್ತಿಲ್ಲವೆಂದು ಹೊಸ ದೀಪ ತರುವ ಮುನ್ನ ಬೋಲ್ಟಿನಡಿಯ ಬಣ್ಣವನ್ನು ನಾಣ್ಯದಗಲ ಕೆರೆದು ನೋಡಿ. ಅನೇಕ ಬ್ರಿಟಿಷ್ ಕಾರುಗಳಲ್ಲಿ 1960ರ ದಶಕದವರೆಗೂ ಬ್ಯಾಟರಿಯ ಧನ ತುದಿಯೇ ಒಡಲಿಗೆ ಸೇರಿರುತ್ತಿತ್ತು. ನೋಡದೆ ಬ್ಯಾಟರಿ ಜೋಡಿಸಬಾರದು.

ಬಣ್ಣದ ವಿಷಯದಲ್ಲಿ ನನ್ನ ಸಲಹೆ ಕಟ್ಟುನಿಟ್ಟಾದದ್ದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿದ ಮೈಯನ್ನು ಯಂತ್ರದಿಂದ ಉಜ್ಜದೆ ನೀರು ಹಾಕಿ ಉಜ್ಜುಕಾಗದದಿಂದ ತೆಗೆಯಬೇಕು. ಎರಡು ದ್ರವಗಳನ್ನು ಬೆರೆಸಿ ಹಾರಿಸುವ ಇಂದಿನ ಬಣ್ಣಗಳಲ್ಲಿ ಐಸೊಸಯನೇಟ್ ಇದೆ. ಅದು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ಸಾಮಾನ್ಯ ಮುಖಗವಸು ಅದನ್ನು ತಡೆಯಲಾರದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ವ್ಯವಸ್ಥೆ ಇಲ್ಲದ ಮನೆಯಲ್ಲಿ ಅದನ್ನು ಹಾರಿಸಬಾರದು. ಮೈ ಸಿದ್ಧಪಡಿಸುವ ದೀರ್ಘ ಕೆಲಸವನ್ನು ನಾವೇ ಮಾಡಿ ಕೊನೆಯ ಬಣ್ಣವನ್ನು ವೃತ್ತಿಪರರಿಗೆ ಬಿಡುವುದರಲ್ಲಿ ಯಾವ ಕೊರತೆಯೂ ಇಲ್ಲ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ಹಳೆಯ ಕಾರಿಗೆ ಹೊಸ ಕಾಲದ ಭಾಗಗಳನ್ನು ಹಾಕಬಹುದೇ ಎಂಬುದು ಅವರ ಪ್ರಶ್ನೆ. ಮತ್ತೆ ಹಿಂದಿನಂತೆ ಮಾಡಲು ಸಾಧ್ಯವಿದ್ದರೆ ಹಾಕಬಹುದು ಎಂಬುದು ನನ್ನ ಉತ್ತರ. ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ, ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟ್ಸ್ ಬದಲು ಕೂರುವ ಎಲೆಕ್ಟ್ರಾನಿಕ್ ಭಾಗವನ್ನು ಅರ್ಧ ಗಂಟೆಯಲ್ಲಿ ತೆಗೆದು ಮೂಲದ್ದನ್ನು ಹಾಕಬಹುದು. ಸೀಟ್‌ಬೆಲ್ಟಿಗೆ ಗಟ್ಟಿ ಆಧಾರ ಸೇರಿಸುವುದು ಜೀವ ಕಾಯುವ ಕೆಲಸವಾದ್ದರಿಂದ ಅದಕ್ಕೆ ಒಂದೆರಡು ತೂತು ಕೊರೆದರೂ ನನ್ನ ಆಕ್ಷೇಪವಿಲ್ಲ. ದೊಡ್ಡ ಎಂಜಿನ್ ಕೂರಿಸಲು ಒಡಲಿನ ಮುಂಗೋಡೆಯನ್ನು ಕತ್ತರಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಗೋಡೆ ಭಾರ ಹೊರುತ್ತಿದೆ, ಕಾರಿನ ಬ್ರೇಕುಗಳೂ ಅದರ ಮೂಲ ಎಂಜಿನ್ನಿನ ಅಳತೆಗೆಂದು ಮಾಡಿದವು.

ಎಲ್ಲ ಮುಗಿದ ಮೇಲೆ ಬರುವ ಕೊನೆಯ ಕೆಲಸ ಹೊಸ್ತಿಲಿಗೇ ಸೇರಿದ್ದು. ಮೇಣದಂಥ ತುಕ್ಕುನಿರೋಧಕವನ್ನು ಉದ್ದ ನಳಿಗೆಯಿಂದ ಪೆಟ್ಟಿಗೆ ತೊಲೆಗಳ ಒಳಗೆ ಹಾರಿಸಬೇಕು. ಅದು ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಕೊನೆಯ ವೆಲ್ಡ್ ಮುಗಿದು ಬಣ್ಣ ಪೂರ್ತಿ ಒಣಗಿದ ನಂತರವೇ ಇದಕ್ಕೆ ಕೈಹಾಕಬೇಕು. ಬೆಚ್ಚಗಿನ ದಿನವನ್ನು ಆರಿಸಿಕೊಂಡರೆ ಮೇಣ ತೆಳುವಾಗಿ ಹರಿದು ತಗಡುಗಳ ಸಂದುಗಳಿಗೆಲ್ಲ ಇಳಿಯುತ್ತದೆ, ಮಾರನೆಯ ದಿನವೂ ಕೆಳಗೆ ತೊಟ್ಟಿಕ್ಕುತ್ತಿರುತ್ತದೆ. ತೊಟ್ಟಿಕ್ಕುವುದು ನಿಂತ ಮೇಲೆ ಒಂದು ತೆಳು ತಂತಿ ಹಿಡಿದು ಕಾರಿನಡಿ ಮಲಗಿ, ಹೊಸ್ತಿಲುಗಳ ತಳದಲ್ಲೂ ಬಾಗಿಲುಗಳ ತಳದಲ್ಲೂ ನೀರಿಳಿಯುವ ಪ್ರತಿಯೊಂದು ತೂತಿಗೂ ತಂತಿಯನ್ನು ತೂರಿಸಿ, ಗಟ್ಟಿಯಾದ ಮೇಣ ಅದನ್ನು ಮುಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಿ.